ಬಸಳೆ ಚಪ್ಪರದ ಫೂರ್ನ್‌ಲೆಮ್ನಿಂಗ್

ಎಲ್ಲಕ್ಕೂ ಮೂಲ ಬಸಳೆ.

ವೇದವತಿ ಅಡುಗೆಮನೆಯ ಕಿಟಕಿಯಲ್ಲಿ, ಮೊಸರಿನ ಡಬ್ಬಿಯೊಳಗೆ ಬೀಜ ಹಾಕಿ ಜತನದಿಂದ ಬೆಳೆಸಿದ ಬಸಳೆ, ಜೂನ್ ಬರುವಷ್ಟರಲ್ಲಿ ಪರದೆ ಹಿಡಿದು ಮೇಲೆ ಹತ್ತತೊಡಗಿತ್ತು.

"ರೀ, ಸೋಮವಾರದಿಂದ ನಂಗೆ ಪುರುಸೊತ್ತಿರಲ್ಲ. ಶುಕ್ರವಾರ ರಜಾ ಹಾಕಿ ಚಪ್ಪರ ಕಟ್ಟಿಬಿಡಿ. ನಾಲ್ಕು ಗುಂಡಿ, ನಾಲ್ಕು ಕಂಬ, ಅಷ್ಟೇ" ಎಂದಳು.

"ಅಷ್ಟೇ ತಾನೆ?" ಎಂದ ನಂದಕುಮಾರ. ಈ ಮನುಷ್ಯ 'ಅಷ್ಟೇ ತಾನೆ' ಅಂದ ಕೆಲಸ ಯಾವುದೂ ಅಷ್ಟಕ್ಕೇ ಮುಗಿದದ್ದನ್ನು ಅವನ ಹೆಂಡತಿ ಈವರೆಗೆ ಕಂಡಿಲ್ಲ.

ಸೋಮವಾರದ ವಿಷಯ ಸಣ್ಣದಲ್ಲ. ಮಣಿಪಾಲದಲ್ಲಿ ಲ್ಯಾಬ್ ಕೆಲಸ ಮಾಡಿಕೊಂಡಿದ್ದ ವೇದವತಿ, ಗಂಡನ ಹಿಂದೆ ಸ್ವೀಡನ್ನಿನ ಓರೆಬ್ರೂಗೆ ಬಂದ ಮೇಲೆ ಎರಡು ವರ್ಷ ಮನೆಯಲ್ಲೇ ಕೂತು ಸ್ವೀಡಿಷ್ ಕಲಿತು, ಪರೀಕ್ಷೆ ಬರೆದು, ಕಡೆಗೂ ಇಲ್ಲಿನ ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಕೆಲಸ ಗಿಟ್ಟಿಸಿದ್ದಳು. ಡ್ಯೂಟಿ ಬೆಳಗ್ಗೆ ಏಳಕ್ಕೆ. ಅದೇ ಏಳಕ್ಕೆ ನಂದಕುಮಾರ ಬೆಂಗಳೂರಿನ ಟೀಮಿನ ಜೊತೆ ಕಾಲ್‌ನಲ್ಲಿ ಕೂರಬೇಕು. ಹಾಗಾಗಿ ನಾಲ್ಕು ವರ್ಷದ ಸಿಯಾ ಅದಕ್ಕೂ ಮುಂಚೆ ಡಾಗಿಸ್ ಸೇರಬೇಕು. ಮನೆಯೆದುರಿನ ಕಾಲುದಾರಿ ದಾಟಿದರೆ ಡಾಗಿಸ್, ಅಂದರೆ ಶಿಶುವಿಹಾರ. ಆರೂವರೆಗೇ ಬಾಗಿಲು ತೆರೆಯುವುದು ಈ ಭಾಗದಲ್ಲಿ ಅದೊಂದೇ. ಅದಿಲ್ಲದಿದ್ದರೆ ವೇದವತಿಯ ಕೆಲಸಕ್ಕೆ ಎಳ್ಳುನೀರು.

ಡಾಗಿಸ್ಸಿನ ಭಾಷೆಯಲ್ಲಿ ಬೆಳಗ್ಗೆ ಮಗುವನ್ನು ಬಿಡುವುದು ಲೆಮ್ನಿಂಗ್, ಸಂಜೆ ಕರೆತರುವುದು ಹೆಮ್ಟ್ನಿಂಗ್. ನಂದಕುಮಾರನ ಸ್ವೀಡಿಷ್ ಜ್ಞಾನ ನಿಂತಿದ್ದೇ ಈ ಎರಡು ಕಂಬಗಳ ಮೇಲೆ. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಿದ್ದರಿಂದ ಮೂರನೆಯ ಕಂಬ ನೆಡುವ ಗೋಜಿಗೆ ಅವನು ಹೋಗಿರಲಿಲ್ಲ.

ಶುಕ್ರವಾರ ಸಿಯಾಳನ್ನು ಬಿಟ್ಟುಬಂದು, ಲುಂಗಿ ಮೇಲೆತ್ತಿ ಕಟ್ಟಿ, ಸಲಿಕೆ ಹಿಡಿದ. ವೇದವತಿ ಹೊಸ ಕೆಲಸದ ಗುರುತಿನ ಚೀಟಿ ತರಲು ಆಸ್ಪತ್ರೆಗೆ ಹೋಗಿದ್ದಳು. ಮೊದಲ ಗುಂಡಿಯಲ್ಲಿ ಮೊಳದುದ್ದ ಇಳಿಯುವಷ್ಟರಲ್ಲೇ ಮಣ್ಣು ಕಪ್ಪಗಾಯಿತು. ಇದ್ದಿಲ ಚೂರು, ಸುಟ್ಟ ಕಲ್ಲು ಮೇಲೆ ಬಂದವು. ಅವನ್ನೆಲ್ಲ ಬೇಲಿಯ ಪಕ್ಕಕ್ಕೆ ಎಸೆಯತೊಡಗಿದ.

ಬೇಲಿಯ ಆಚೆ ಗುನ್ವೋರ್ ಇದ್ದರು. ನಿವೃತ್ತ ಶಾಲಾ ಶಿಕ್ಷಕಿ, ಊರಿನ ಇತಿಹಾಸ ಸಂಘದ ಕಾರ್ಯದರ್ಶಿ. ಬೀದಿಯಲ್ಲಿ ಯಾರು ಯಾವ ಕಸವನ್ನು ಯಾವ ಡಬ್ಬಿಗೆ ಹಾಕಿದರು ಎಂಬುದರ ಮೇಲೂ ಅವರ ಒಂದು ಕಣ್ಣು. ನಂದಕುಮಾರನ ಜೊತೆ ಅವರದು ಇಂಗ್ಲಿಷೇ, ಪದ ಸಿಗದ ಕಡೆ ಮಾತ್ರ ಸ್ವೀಡಿಷ್. ಇದ್ದಿಲು ಕಂಡದ್ದೇ ಆಕೆ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು.

"ನಂದ! ಇದು ಫೂರ್ನ್‌ಲೆಮ್ನಿಂಗ್!"

ಫೂರ್ನ್‌ಲೆಮ್ನಿಂಗ್ ಅಂದರೆ ನೆಲದೊಳಗೆ ಉಳಿದ ಪುರಾತನ ಅವಶೇಷ. ಹಳೆಯ ಊರು, ಒಲೆ, ಗೋರಿ, ಇಂಥವು. ಮುಟ್ಟಿದರೆ ಕಾನೂನು ಪ್ರಕಾರ ಅಪರಾಧ. ಇದು ನಮಗೆ ಗೊತ್ತಾಯಿತು. ನಂದಕುಮಾರನಿಗೆ ಗೊತ್ತಿರಲಿಲ್ಲ. ಅದರಲ್ಲಿ ಅವನಿಗೆ ಅರ್ಥವಾದದ್ದು ಕೊನೆಯ 'ಲೆಮ್ನಿಂಗ್' ಮಾತ್ರ. ಬೆಳಬೆಳಗ್ಗೆ ಮಗುವನ್ನು ಬಿಟ್ಟುಬಂದದ್ದನ್ನು ಈಯಮ್ಮ ನೋಡಿದ್ದಾರೆ ಅಂದುಕೊಂಡು ಹಲ್ಲು ಕಿರಿದ.

"ಹೌದು ಹೌದು, ಲೆಮ್ನಿಂಗ್. ದಿನಾ ಮಾಡ್ತೀನಿ."

"ದಿನಾ?" ಗುನ್ವೋರ್ ಬೇಲಿಯನ್ನು ಹಿಡಿದುಕೊಂಡರು. "ಎಲ್ಲಿ?"

"ಅಲ್ಲಿ, ಡಾಗಿಸ್‌ನಲ್ಲಿ. ಜನವರಿಯಿಂದ."

"ಕೊಮ್ಮೂನಿಗೆ ಗೊತ್ತಾ?"

ಕೊಮ್ಮೂನ್ ಎಂದರೆ ನಗರಸಭೆ. ನಂದಕುಮಾರ ಎದೆಯುಬ್ಬಿಸಿದ. "ದುಡ್ಡು ಹಾಕೋದೇ ಅವರು!"

"ನಿನ್ನದು ಅಪರಾಧ, ನಂದ. ತಕ್ಷಣ ನಿಲ್ಲಿಸು" ಎಂದು ಹೇಳಿ ಗುನ್ವೋರ್ ಸರಸರನೆ ಮನೆಯೊಳಗೆ ನಡೆದರು. ಸ್ವೀಡನ್ನಿನಲ್ಲಿ ಅರಮನೆಯವರನ್ನು ಬಿಟ್ಟರೆ ಎಲ್ಲರೂ ಎಲ್ಲರಿಗೂ 'ನೀನು'. ಅದಕ್ಕವನು ಎಂದೋ ಒಗ್ಗಿಕೊಂಡಿದ್ದ. ಆದರೆ 'ನಿಲ್ಲಿಸು' ಎಂಬುದು ಅವನ ಎದೆಗೆ ನಾಟಿತು. ಮಗುವನ್ನು ಬಿಡುವುದನ್ನು ನಿಲ್ಲಿಸಿದರೆ ವೇದಾ ಏನು ಮಾಡಬೇಕು? ಎರಡು ವರ್ಷ ಆಕೆ ಸಪ್ಪೆ ಮುಖ ಹೊತ್ತು ಪಾತ್ರೆ ತೊಳೆದದ್ದು ನೆನಪಾಗಿ ಅವನಿಗೆ ನಿಜಕ್ಕೂ ಸಂಕಟವಾಯಿತು.

ಆ ಹೊತ್ತಿಗೆ ಸರಿಯಾಗಿ ಬಶೀರ್ ಬಂದ. ಹುಬ್ಬಳ್ಳಿಯವನು, ಅದೇ ಆಫೀಸು, ಎರಡು ಮನೆ ಆಚೆ ವಾಸ. ಮಗು ನೋಡಿಕೊಳ್ಳುವ ರಜೆಯ ಮೇಲಿದ್ದು ದಿನವಿಡೀ ತಳ್ಳುಗಾಡಿ ತಳ್ಳುತ್ತ ಬೀದಿಯವರಿಗೆಲ್ಲ ಸಲಹೆ ಕೊಡುತ್ತಿದ್ದ. ಸ್ವೀಡನ್ನಿಗೆ ಬಂದು ಏಳು ವರ್ಷವಾದ್ದರಿಂದ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಗೊತ್ತಿಲ್ಲದ್ದನ್ನೂ ಗೊತ್ತಿದ್ದಷ್ಟೇ ಧೈರ್ಯವಾಗಿ ಹೇಳುತ್ತಿದ್ದ.

"ಬಶೀರ್, ಫೂರ್ನ್‌ಲೆಮ್ನಿಂಗ್ ಅಂದ್ರೆ ಏನ್ರೀ?"

ಬಶೀರ್ ಗಾಡಿ ನಿಲ್ಲಿಸಿ ಗಡ್ಡ ನೀವಿದ. "ಲೆಮ್ನಿಂಗ್ ಗೊತ್ತದ. ಫೂರ್ನ್... ಅದು 'ಫೋರೆ' ಇರಬೇಕು ನೋಡ್ರಿ. ಫೋರೆ ಅಂದ್ರ ಮೊದಲು. ಟೈಮಿಗಿಂತ ಮೊದಲೇ ಮಗೂನ ಬಿಡೋದು. ಅರ್ಲಿ ಡ್ರಾಪ್!"

"ಅದು ಅಪರಾಧ ಅಂತಾರಲ್ರೀ, ಆಯಮ್ಮ!"

"ಯಾರು, ಗುನ್ವೋರಾ? ನಿಮ್ಮ ವೈಫ್ ಡ್ಯೂಟಿಗೆ ಹೋಗೋದು ಕಂಡು ಹೊಟ್ಟೆಕಿಚ್ಚು ಅವರಿಗೆ. ನೀವು ಬಗ್ಗಬ್ಯಾಡ್ರಿ. ಈ ದೇಶದಾಗ ಮೆತ್ತಗಿದ್ರ ನಡೆಯಂಗಿಲ್ಲ. ಸೀದಾ ಹೇಳ್ರಿ, ಇದು ನನ್ನ ಹಕ್ಕು ಅಂತ. ಮಿನ್ ರೆಟ್! ಎಲ್ಲಿ, ಒಮ್ಮೆ ಅನ್ರಿ."

"ಮಿನ್ ರೆಟ್" ಎಂದ ನಂದಕುಮಾರ.

"ಇನ್ನೂ ಜೋರಾಗಿ."

ಮಧ್ಯಾಹ್ನ ಗುನ್ವೋರ್ ಸಂಘದ ಇಬ್ಬರು ಮುದುಕರನ್ನು ಕಟ್ಟಿಕೊಂಡು ಬಂದರು. ಒಬ್ಬರ ಕೈಯಲ್ಲಿ ಕ್ಯಾಮೆರಾ, ಇನ್ನೊಬ್ಬರ ಕೈಯಲ್ಲಿ ಕೆಂಪು ಬಿಳಿ ಪಟ್ಟಿ. ಚಪ್ಪರದ ಗುಂಡಿಯ ಸುತ್ತ ಪಟ್ಟಿ ಕಟ್ಟಿ, ಲುಂಗಿಯ ಸಮೇತ ನಂದಕುಮಾರನ ಫೋಟೋ ತೆಗೆದರು. ಬೀದಿಯ ಕಿಟಕಿಗಳ ಪರದೆಗಳು ಒಂದೊಂದಾಗಿ ಸರಿದವು.

"ನಂದ, ಫೂರ್ನ್‌ಲೆಮ್ನಿಂಗ್ ನಿಲ್ಲಿಸುತ್ತೀಯೋ ಇಲ್ಲವೋ?"

"ಇಲ್ಲ! ಮಿನ್ ರೆಟ್!" ಎಂದು ನಂದಕುಮಾರ ಸಲಿಕೆ ನೆಟ್ಟು ನಿಂತ. "ಸೋಮವಾರದಿಂದ ಇನ್ನೂ ಬೇಗ ಮಾಡ್ತೀನಿ. ನಂಗೆ ಆಗದ ದಿನ ನನ್ನ ಹೆಂಡ್ತಿ ಮಾಡ್ತಾಳೆ!"

"ಹೆಂಡತಿಯೂ?" ಒಬ್ಬ ಮುದುಕ ಕೇಳಿದ. "ಮಗಳ ಎದುರಿಗೇ?"

"ಮಗಳಿಲ್ದೆ ಹೇಗೆ ಆಗತ್ತೆ? ಮಾಡೋದೇ ಅವಳಿಗೋಸ್ಕರ!"

ಮುದುಕ ಬೆವರು ಒರೆಸಿಕೊಂಡ. ಬಶೀರ್ ಹಿಂದಿನಿಂದ ಹೆಬ್ಬೆರಳೆತ್ತಿ ಶಹಬ್ಬಾಸ್ ಎಂದ. ಸಿಟ್ಟಿನಲ್ಲಿ ಗುನ್ವೋರ್ ಇಂಗ್ಲಿಷ್ ಬಿಟ್ಟು ಪೂರ್ತಿ ಸ್ವೀಡಿಷಿಗೇ ಇಳಿದರು. "ಜಿಲ್ಲಾ ಕಚೇರಿಯಲ್ಲಿ ಪುರಾತತ್ವ ನೋಡಿಕೊಳ್ಳುವ ಮಾಲಿನ್ ನನ್ನ ಹಳೆಯ ವಿದ್ಯಾರ್ಥಿನಿ. ನೀನು ಹೇಳಿದ್ದೆಲ್ಲ ಬೆಳಗ್ಗೆಯೇ ಅವಳಿಗೆ ಫೋನ್ ಮಾಡಿ ತಿಳಿಸಿದ್ದೇನೆ. ಬರುತ್ತಿದ್ದಾಳೆ. ಅವಳಿಗೇ ಹೇಳು ನಿನ್ನ ರೆಟ್."

'ಜಿಲ್ಲಾ ಕಚೇರಿ' ಎಂಬುದು ಮಾತ್ರ ಬಶೀರನಿಗೆ ಸ್ಪಷ್ಟವಾಗಿ ಅರ್ಥವಾಯಿತು. "ಪಾಪು ಹಸದಾದ್ರಿ" ಎನ್ನುತ್ತ ಗಾಡಿ ತಿರುಗಿಸಿದ. ಪಾಪು ಗಾಢ ನಿದ್ದೆಯಲ್ಲಿತ್ತು.

ಮಾಲಿನ್ ಬಂದಾಗ ಇಳಿಹೊತ್ತು. ಮೊಣಕಾಲುದ್ದದ ಬೂಟಿಗೆ ಒಂದು ಕಡೆ ಹಸಿ ಮಣ್ಣು, ಇನ್ನೊಂದು ಕಡೆ ಮರಳು ಮೆತ್ತಿತ್ತು. ನಂದಕುಮಾರ ಬಾಯಿ ತೆರೆಯುವ ಮೊದಲೇ ಗುಂಡಿಗೆ ಬಗ್ಗಿ, ಪುಟ್ಟ ಕರಣೆಯಿಂದ ಕೆರೆದು, ಇದ್ದಿಲ ನಡುವಿನಿಂದ ಏನನ್ನೋ ಎತ್ತಿದಳು. ಬಿಯರ್ ಬಾಟಲಿಯ ಮುಚ್ಚಳ. ಅದರ ಕೆಳಗೆ ಪ್ಲಾಸ್ಟಿಕ್ ಚಮಚ.

"ಇದು ಮಧ್ಯಯುಗದ್ದಲ್ಲ" ಎಂದಳು ಇಂಗ್ಲಿಷಿನಲ್ಲಿ. "ಹಿಂದೆ ಇಲ್ಲಿದ್ದವರು ಮಾಂಸ ಸುಟ್ಟು ತಿಂದ ಜಾಗ. ನೀನು ಧಾರಾಳವಾಗಿ ಕಂಬ ನೆಡಬಹುದು."

"ಹಾಗಾದ್ರೆ ನನ್ನ ಲೆಮ್ನಿಂಗ್? ಡಾಗಿಸ್‌ಗೆ ಮಗಳನ್ನ ಬೇಗ ಬಿಡೋದು? ಅದು ಅಪರಾಧ ಅಲ್ವಾ?"

ಮಾಲಿನ್ ಕರಣೆ ಕೆಳಗಿಟ್ಟಳು. ಆಮೇಲೆ ನಿಧಾನವಾಗಿ, ಫೂರ್ನ್ ಎಂದರೆ ಪುರಾತನ, ಲೆಮ್ನಿಂಗ್ ಎಂದರೆ ಇಲ್ಲಿ ಹಿಂದಿನವರು ಬಿಟ್ಟುಹೋದದ್ದು ಎಂದು ಬಿಡಿಸಿ ಹೇಳಿದಳು. ಗುನ್ವೋರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಘದ ಮುದುಕರೂ ನಕ್ಕರು. ನಂದಕುಮಾರನಿಗೆ ಮಾತ್ರ ನಗು ಬರಲಿಲ್ಲ, ಕಣ್ಣು ತುಂಬಿ ಬಂತು. ವೇದಾಳ ಕೆಲಸ ಉಳಿಯಿತು. ಒಳಗೆ ಓಡಿ ಎಲ್ಲರಿಗೂ ಕಾಫಿ ಮಾಡಿದ. ಬೀದಿ ತಿಳಿಯಾದದ್ದನ್ನು ಎಲ್ಲಿಂದಲೋ ಗಮನಿಸಿದ ಬಶೀರನೂ ಬಂದು ಒಂದು ಲೋಟ ಹಿಡಿದು ಕೂತ. ಚಕ್ಕುಲಿ ಡಬ್ಬ ಹೊರಗೆ ಬಂದು, ಪಟ್ಟಿ ಕಟ್ಟಿದ ಗುಂಡಿಯ ಸುತ್ತ ಒಳ್ಳೆಯ ಫೀಕಾ, ಅಂದರೆ ಸ್ವೀಡಿಷರ ಕಾಫಿಕೂಟ, ನಡೆಯಿತು.

"ಆದರೂ ನಾನು ನಿನಗೆ ಥ್ಯಾಂಕ್ಸ್ ಹೇಳಲೇಬೇಕು" ಎಂದಳು ಮಾಲಿನ್, ಎರಡನೆಯ ಚಕ್ಕುಲಿ ಮುರಿಯುತ್ತ. "ಡಾಗಿಸ್‌ನಲ್ಲಿ ದಿನಾ ಫೂರ್ನ್‌ಲೆಮ್ನಿಂಗ್ ಮಾಡ್ತೀನಿ ಅಂತ ನೀನು ಹೇಳಿದೆಯಂತೆ. ನಾನು ಗಾಬರಿಯಾಗಿ ಮೊದಲು ಅಲ್ಲಿಗೇ ಹೋದೆ. ಹೊಸ ಜಾರುಬಂಡೆಗೆಂದು ಅವರು ನಿನ್ನೆ ನೆಲ ಅಗೆದಿದ್ದರು. ಅಲ್ಲಿ ಏನಿತ್ತು ಗೊತ್ತಾ? ಒಲೆಗಲ್ಲು, ಮನೆಯ ಬುನಾದಿ, ಮಡಕೆ ಚೂರು. ಯಾವಾಗಲೋ ಜನ ಬಿಟ್ಟುಹೋದ ಮಧ್ಯಯುಗದ ಊರು! ಕಟ್ಟಡದ ಅಡಿಗೂ ಹರಡಿದೆ. ನೀನು ಹೇಳದಿದ್ದರೆ ಸೋಮವಾರ ಅದರ ಮೇಲೆ ಕಾಂಕ್ರೀಟ್ ಬೀಳುತ್ತಿತ್ತು."

ಗುನ್ವೋರ್ ಎದ್ದು ಬಂದು ನಂದಕುಮಾರನನ್ನು ತಬ್ಬಿಕೊಂಡರು. ಕ್ಯಾಮೆರಾದವರು ಇನ್ನೊಂದು ಫೋಟೋ ತೆಗೆದರು, ಈ ಸಲ ಗೌರವದಿಂದ. "ನಾ ಹೇಳಿದ್ದೆ ಇಲ್ಲೋ, ಬಗ್ಗಬ್ಯಾಡ್ರಿ ಅಂತ" ಎಂದ ಬಶೀರ್. ಒಂದು ಊರನ್ನೇ ಉಳಿಸಿದ ಮನುಷ್ಯ ನಾಚಿಕೊಂಡು ಲುಂಗಿ ಸರಿಮಾಡಿಕೊಂಡ.

ಅಷ್ಟರಲ್ಲಿ ಸಿಯಾಳ ಕೈ ಹಿಡಿದು ವೇದವತಿ ಬಂದಳು. ಕೊರಳಲ್ಲಿ ಹೊಸ ಗುರುತಿನ ಚೀಟಿ ನೇತಾಡುತ್ತಿತ್ತು. ಅದರಲ್ಲಿದ್ದ ಅವಳ ಫೋಟೋ ನಗುತ್ತಿತ್ತು. ಅವಳು ನಗುತ್ತಿರಲಿಲ್ಲ.

"ರೀ, ಇಲ್ಲಿ ಯಾರೋ ಡಾಗಿಸ್ ಬಗ್ಗೆ ಕಂಪ್ಲೇಂಟ್ ಕೊಟ್ರಂತೆ. ಅಲ್ಲಿ ಏನೋ ಹಳೇದು ಸಿಕ್ಕಿದೆಯಂತೆ. ಅಗೆದು ನೋಡೋವರೆಗೆ, ಈ ಬೇಸಿಗೆ ಪೂರ್ತಿ ಬಾಗಿಲು ಹಾಕ್ತಾರಂತೆ. ಮಕ್ಕಳನ್ನೆಲ್ಲ ಊರಾಚೆಯ ಡಾಗಿಸ್‌ಗೆ ಕಳಿಸ್ತಾರೆ. ಅದು ತೆಗೆಯೋದು ಎಂಟೂವರೆಗೆ." ಅವಳು ಕೊರಳ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದಳು. "ಯಾರ್ರೀ ಆ ಪುಣ್ಯಾತ್ಮ?"

ಬಶೀರ್ ಲೋಟ ಕೆಳಗಿಟ್ಟ. "ಪಾಪು ಹಸದಾದ್ರಿ" ಎಂದು ಎದ್ದೇಬಿಟ್ಟ. ಮುದುಕರು ಗುಂಡಿಯ ಸುತ್ತಲಿನ ಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಬಿಚ್ಚತೊಡಗಿದರು. ಕನ್ನಡದ ಒಂದಕ್ಷರ ಬಾರದ ಗುನ್ವೋರ್ ಮಾತ್ರ ನಂದಕುಮಾರನ ಭುಜ ತಟ್ಟಿ, ವೇದವತಿಗೆ ಅವನನ್ನು ಹೆಮ್ಮೆಯಿಂದ ತೋರಿಸಿದರು. "ಇವನೇ! ಎಲ್ಲ ಇವನಿಂದಲೇ!"

ವೇದವತಿಗೆ ಸ್ವೀಡಿಷ್ ಚೆನ್ನಾಗಿ ಬರುತ್ತಿತ್ತು. ಅವಳು ಗಂಡನನ್ನು ನೋಡಿದಳು, ಗುಂಡಿಯನ್ನು ನೋಡಿದಳು, ಮತ್ತೆ ಗಂಡನನ್ನು ನೋಡಿದಳು.

"ನಾನು ಸೋಮವಾರ ಏಳಕ್ಕೆ ಡ್ಯೂಟಿಗೆ ಹೋಗೋಳೇ. ಮಗು ನಿಮ್ ಜೊತೆ. ಆ ಬೆಂಗಳೂರಿನವ್ರಿಗೆ ಏನ್ ಹೇಳ್ತೀರೋ ಹೇಳ್ಕೊಳ್ಳಿ" ಎಂದು ಒಳಗೆ ಹೋದಳು. ಪಾತ್ರೆಗಳ ಸದ್ದು ಬೀದಿಗೆಲ್ಲ ಕೇಳಿಸಿತು.

ಸಿಯಾ ಅಪ್ಪನ ಲುಂಗಿ ಜಗ್ಗಿದಳು. "ಪಪ್ಪಾ, ಫೂರ್ನ್‌ಲೆಮ್ನಿಂಗ್ ಅಂದ್ರೆ ಏನು?"

ನಂದಕುಮಾರ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ.

"ನಿನ್ನನ್ನ ಬೆಳಗ್ಗೆ ಬೇಗ ಬಿಡೋಕಾಗಲ್ಲ ಅಂತ ಅರ್ಥ, ಪುಟ್ಟಿ."