ಭಾವನ ಬಂದೂಕಿಗೆ ಚಿಕಿತ್ಸೆ

ನಮ್ಮ ಭಾವನ ಬಂದೂಕಿಗೆ ಬಂದಷ್ಟು ಕಾಯಿಲೆ ನ್ಯೂಜಿಲೆಂಡಿನ ಈ ಟೌರಂಗಾ ಊರಿನ ಯಾವ ಮನುಷ್ಯನಿಗೂ ಬಂದಿರಲಾರದು.

ಭಾವ ಎಂದರೆ ಅಕ್ಕನ ಗಂಡ. ಮೈಸೂರಿನಲ್ಲಿ ಕಲಿತ ಶಸ್ತ್ರವೈದ್ಯರು. ಮೊಟ್ಟೆ ಬಿದ್ದಿದ್ದರೆ ಕೇಕನ್ನೂ ಮುಟ್ಟದ ಈ ಪುಣ್ಯಾತ್ಮರಿಗೆ ಬಂದೂಕೇಕೆ? ಕೈ ನಡುಗುತ್ತದೆಂದು ಆಸ್ಪತ್ರೆಯವರು ಅವರನ್ನು ಆಪರೇಷನ್ ಥಿಯೇಟರಿನಿಂದ ಬಿಡಿಸಿ, ಸಕಲ ಮರ್ಯಾದೆಯೊಡನೆ ಒಂದು ಕುರ್ಚಿ ಕೊಟ್ಟರು. ಅದರ ಮೇಲೆ ಮಾಡಬೇಕಾದ ಘನಕಾರ್ಯವೆಂದರೆ ಕೂರುವುದು. ಭಾವ ಲೈಸೆನ್ಸ್ ಮಾಡಿಸಿ ಹಳೆಯ ಲಿವರ್ ರೈಫಲೊಂದನ್ನು ಕೊಂಡರು. ಟ್ರಿಗರಿನ ಸುತ್ತಲ ಹಿಡಿಯನ್ನು ಕೆಳಕ್ಕೆಳೆದು ಮೇಲಕ್ಕೊತ್ತಿದರೆ ಮುಂದಿನ ಗುಂಡು ಏರಿ ಕೂರುವ ಮಾದರಿ. ಗುರಿಯ ರಟ್ಟಿನ ಮೇಲೆ ಗುಂಡುಗಳೆಲ್ಲ ಬಿಸ್ಕತ್ತಿನಗಲದಲ್ಲಿ ಬಿದ್ದರೆ ಕೈ ನೆಟ್ಟಗಿದೆಯೆಂದು ಸಾಬೀತು. ಆ ರಟ್ಟನ್ನು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟು ಥಿಯೇಟರಿಗೆ ಮರಳುವುದು ಅವರ ಲೆಕ್ಕಾಚಾರ.

ಬಿದ್ದವು, ಊಟದ ಎಲೆಯಗಲಕ್ಕೆ.

"ಬಂದೂಕಿನ ಮುಂದಿನ ಮರದ ಹಿಡಿ ನಳಿಕೆಗೆ ಒತ್ತುತ್ತಾ ಇದೆ ಕಣೋ. ಬಿಸಿಯಾದ್ಮೇಲೆ ಉಸಿರಾಡಕ್ಕೆ ಜಾಗ ಬೇಡ್ವಾ ಅದಕ್ಕೆ?" ಎಂದರು. ಮರ ಕೆತ್ತಿದ್ದಾಯಿತು. ಆಮೇಲೆ ಟ್ರಿಗರ್ ಗಡಸು ಎಂದರು. ಬಂದೂಕಿನ ಮೇಸ್ತ್ರಿ ಅದನ್ನು ಹಗುರ ಮಾಡಿಕೊಟ್ಟ. ಗುರಿ ನೋಡಲು ಸಣ್ಣ ತೂತಿನ ಬಿಲ್ಲೆ ಬಂತು. ಪ್ರತಿ ಗುಂಡಿನ ನಂತರ ನಳಿಕೆ ತಣಿಯಲೆಂದು ಜಪ ಮಾಡುತ್ತ ಕೂತರು. ಎಲೆ ಮಾತ್ರ ಕಿರಿದಾಗಲಿಲ್ಲ.

ಆಯುಧಪೂಜೆಯ ದಿನ ಅಕ್ಕ ಮಿಕ್ಸಿಗೆ, ಲ್ಯಾಪ್‌ಟಾಪಿಗೆ, ಬಂದೂಕಿಗೆ ಭಕ್ತಿಯಿಂದ ಗಂಧ ಕುಂಕುಮ ಇಟ್ಟಳು. ಶನಿವಾರ ಗುಂಡು ಹೊಡೆಯುವ ಮೈದಾನದಲ್ಲಿ ಭಾವ ಎಷ್ಟು ಕಣ್ಣು ಕಿರಿದಾಗಿಸಿದರೂ ಜಗತ್ತೇ ಕತ್ತಲು. ಪಕ್ಕದ ಬಿಳಿಯ ಮುದುಕ ಬಿಲ್ಲೆಯ ತೂತಿನಲ್ಲಿ ಒಣಗಿದ್ದ ಗಂಧವನ್ನು ಬೆಂಕಿಕಡ್ಡಿಯಿಂದ ಕೆದಕಿ ಕೊಟ್ಟ, ಏನೆಂದು ಕೇಳಲೂ ಇಲ್ಲ.

"ನಿನ್ನ ಭಕ್ತಿಗೆ ನನ್ನ ಗುರಿ ಹೋಯ್ತಲ್ಲೇ," ಎಂದರು ಮನೆಗೆ ಬಂದ ಭಾವ.

"ಹೌದಾ? ಅದಕ್ಕೆ ಮುಂಚಿನ ಶನಿವಾರಗಳಲ್ಲಿ ಯಾರ ಭಕ್ತಿ ಇತ್ರೀ?"

ಅಂದವಳೇ ನಾಲಿಗೆ ಕಚ್ಚಿಕೊಂಡು ಕಾಫಿಗೆಂದು ಒಳಗೆ ಹೋದಳು. ಆ ಕಾಫಿಯ ಬಗ್ಗೆಯೂ ಹೇಳಬೇಕು. ಈಚೆಗೆ ಎಲ್ಲರಿಗೂ ಅರ್ಧ ಲೋಟವೇ. ಈ ದೇಶದಲ್ಲಿ ಹಾಲಿಗೆ ಬರವೇ? "ಇನ್ನರ್ಧ ಎಲ್ಲೇ?" ಎಂದು ನಾನು ಪ್ರತಿ ಸಲ ಕೇಳುವುದು, "ಕೊಲೆಸ್ಟ್ರಾಲು" ಎಂದು ಅವಳು ಗದರುವುದು.

ಮೊನ್ನೆ ನಾನಿರುವ ಆಕ್ಲೆಂಡಿನಿಂದ ಅವರ ಮನೆಗೆ ಹೋದಾಗ ಭಾವ ನನ್ನನ್ನೂ ಮೈದಾನಕ್ಕೆ ಎಳೆದೊಯ್ದರು. ಮರಳಿನ ಚೀಲದ ಮೇಲೆ ಬಂದೂಕಿಟ್ಟು ಹೊಡೆದರು. ಎಲೆಯಗಲ.

"ನೀನು ಹೊಡಿ. ನಿನ್ನಂಥ ದಡ್ಡನ ಕೈಲಿ ಇದರ ಬಂಡವಾಳ ಗೊತ್ತಾಗತ್ತೆ."

ಜನ್ಮದಲ್ಲಿ ಬಂದೂಕು ಮುಟ್ಟದವನು ನಾನು. ಅವರು ಹೇಳಿಕೊಟ್ಟಂತೆ ಅರ್ಧ ಉಸಿರು ಬಿಟ್ಟು ಬೆರಳೊತ್ತಿದೆ. ಮತ್ತೆ ಒತ್ತಿದೆ. ರಟ್ಟು ತಂದು ನೋಡಿದರೆ ತೂತುಗಳೆಲ್ಲ ಬಿಸ್ಕತ್ತಿನಗಲದೊಳಗೆ ಒತ್ತೊತ್ತಾಗಿ ಕೂತಿದ್ದವು. ಭಾವ ಅದನ್ನು ಮಡಿಸಿ ಜೇಬಿಗಿಟ್ಟರು.

"ಏನಾಯ್ತ್ರೀ?" ಎಂದಳು ಅಕ್ಕ ಬಾಗಿಲಲ್ಲೇ.

"ಬಂದೂಕು ಗುಣ ಆಗಿದೆ ಕಣೇ."

ಅವಳು ಕಾಫಿ ತಂದಿಟ್ಟಳು. ಭಾವ ಲೋಟ ಎತ್ತಿದರು. ಒಳಗೆ ಕಾಫಿ ಅತ್ತಿತ್ತ ತುಳುಕಾಡಿತು, ಅಂಚಿನವರೆಗೂ ಬಂತು. ಅರ್ಧವೇ ಇದ್ದುದರಿಂದ ಒಂದು ಹನಿಯೂ ಚೆಲ್ಲಲಿಲ್ಲ. ಅಕ್ಕ ತನ್ನ ಅರ್ಧ ಲೋಟವನ್ನು ನೋಡುತ್ತ ಕೂತಿದ್ದಳು.

ನಾನು ಇನ್ನರ್ಧ ಕೇಳಲಿಲ್ಲ.