ಪೀಂ ಅಂದಾಗ ದ್ರಾಕ್ಷಿ

ಮೊರದಲ್ಲಿ ಹರಡಿದ ಒಣದ್ರಾಕ್ಷಿಯಲ್ಲಿ ಅರ್ಧದಷ್ಟರ ತೊಟ್ಟು ಕಿತ್ತು ಮುಗಿಸುವ ಹೊತ್ತಿಗೆ ಕಾಂತರಾಜುವಿನ ಬೆರಳೆಲ್ಲ ಅಂಟಂಟಾಗಿ, ಮೂಗಿನ ಮೇಲೆ ಕೂತ ನೊಣವನ್ನು ಮೊಣಕೈಯಿಂದ ಓಡಿಸಬೇಕಾಗಿ ಬಂತು. ಬಾಗಿಲ ಮೆಟ್ಟಿಲ ಮೇಲೆ ಗಂಡಸೊಬ್ಬ ಮೊರ ಹಿಡಿದು ಕೂತರೆ ನೋಡದೆ ಮುಂದೆ ಹೋಗುವವರು ದೇವನಹಳ್ಳಿ ಕೋಟೆಯೊಳಗಿನ ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಆದರೂ ಅವನು ಒಳಗೆ ಹೋಗಿ ಕೂರುವಂತಿರಲಿಲ್ಲ. ಒಳಗೆ ಬೆಳಕು ಸಾಲದು. ಒಂದೇ ಒಂದು ತೊಟ್ಟು ಅವನ ಕಚೇರಿಯ ಮೇಲಧಿಕಾರಿ ಪ್ರಮೋದಾ ಮೇಡಂ ಅವರ ಹಲ್ಲಿಗೆ ಸಿಕ್ಕಿದರೂ ಎಲ್ಲ ಕೆಟ್ಟಂತೆ.

ವಿಷಯ ಇಷ್ಟು. ಮೂರು ವರ್ಷದ ಹಿಂದೆ, ಮದುವೆಗೆ ಮುಂಚೆ, ಕಾಂತರಾಜು ತೂಬಗೆರೆಯ ಅಕ್ಕನ ಮನೆಯಲ್ಲಿ ಉಂಡುಕೊಂಡು, ಎರಡು ಬಸ್ಸು ಬದಲಾಯಿಸಿ ದೇವನಹಳ್ಳಿಯ ಕಚೇರಿಗೆ ಗುಮಾಸ್ತನಾಗಿ ಬರುತ್ತಿದ್ದ. ಬಸ್ಸಿನಲ್ಲಿ ನಿಂತೂ ನಿಂತೂ ಸಾಕಾಗಿ, ತನ್ನನ್ನು ತೂಬಗೆರೆಯ ಶಾಖೆಗೇ ವರ್ಗ ಮಾಡಬೇಕೆಂದು ಅರ್ಜಿ ಬರೆದು ಮೇಡಂ ಕೈಗೆ ಕೊಟ್ಟ. ಅವರು ಅದನ್ನು ಬೆಂಗಳೂರಿನ ದೊಡ್ಡ ಕಚೇರಿಗೆ ಕಳಿಸಬೇಕಿತ್ತು. ನೋಡೋಣ ಎಂದು ಡ್ರಾಯರಿಗೆ ಹಾಕಿಕೊಂಡರು. ಅರ್ಜಿ ಅಲ್ಲೇ ಮಲಗಿತು, ಕಾಂತರಾಜುವಿನ ಬದುಕು ಮಾತ್ರ ಮುಂದಕ್ಕೆ ನಡೆಯಿತು. ಮೋನಿಷಾಳ ಜೊತೆ ಮದುವೆಯಾಯಿತು. ಅವಳಿಗೆ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಹೋಟೆಲಿನ ವ್ಯಾನು ಅವರ ಬೀದಿಯ ತಿರುವಿಗೇ ಬರುತ್ತದೆ, ತೂಬಗೆರೆಗೆ ಬರುವುದಿಲ್ಲ. ಅತ್ತ ಅಕ್ಕನೂ ಸೂಲಿಬೆಲೆಗೆ ಮನೆ ಬದಲಾಯಿಸಿದಳು. ಈಗ ವರ್ಗವಾದರೆ ಕಾಂತರಾಜು ಅದೇ ಎರಡು ಬಸ್ಸನ್ನು ಉಲ್ಟಾ ಹತ್ತಬೇಕು, ಇಲ್ಲವೇ ಮೋನಿಷಾ ಕೆಲಸ ಬಿಡಬೇಕು. ಆ ಅರ್ಜಿ ಹೇಗಾದರೂ ವಾಪಸ್ ಬಂದರೆ ಸಾಕೆಂದು ಅವನು ಎಷ್ಟೋ ದೇವರಿಗೆ ಹೇಳಿಕೊಂಡಿದ್ದ, ಮೇಡಂಗೆ ಮಾತ್ರ ಹೇಳಿರಲಿಲ್ಲ.

ಹೇಳಲು ಧೈರ್ಯ ಬೇಕಲ್ಲ. ಹಿಂದೊಮ್ಮೆ ಸಿದ್ದರಾಜು ಎಂಬವನು ತಾನು ಕೊಟ್ಟ ರಜೆ ಅರ್ಜಿಯನ್ನು ವಾಪಸ್ ಕೇಳಿದ್ದಕ್ಕೆ, ಯಾಕೆ ಕೊಟ್ಟೆ, ಯಾಕೆ ವಾಪಸ್ ಬೇಕು, ಮಧ್ಯೆ ಏನಾಯಿತು ಎಂದು ಮೂರು ವಿವರಣೆ ಬರೆಸಿದ್ದರು. ಬರೆದು ಮುಗಿಸುವಷ್ಟರಲ್ಲಿ ರಜೆಯ ದಿನವೇ ಕಳೆದುಹೋಗಿತ್ತು.

ಈಗ ಮೇಡಂಗೇ ಬೇರೆ ಊರಿಗೆ ವರ್ಗವಾಗಿ, ಇವತ್ತು ಕಡೆಯ ದಿನ. ಡ್ರಾಯರಿನಲ್ಲಿ ಇರುವುದೆಲ್ಲ ಸಂಜೆಯ ಟಪಾಲಿಗೆ ಹೋಗುತ್ತದೆಂದು ಪಕ್ಕದ ಮೇಜಿನ ನರೇಶ ನಿನ್ನೆ ಸುದ್ದಿ ಕೊಟ್ಟಿದ್ದ. ಅದನ್ನು ಕೇಳಿ ಕಾಂತರಾಜು ರಾತ್ರಿ ಮುದ್ದೆ ಮುಟ್ಟಲಿಲ್ಲ. ಉಪಾಯ ಹೇಳಿದವಳು ಮೋನಿಷಾ. ಅವಳಿಗೆ ಹೋಟೆಲಿನ ಲಕ್ಕಿ ಡಿಪ್‌ನಲ್ಲಿ ಬ್ರೆಡ್ ಮಾಡುವ ಮಿಷಿನ್ ಬಂದಿತ್ತು. ಅದರಲ್ಲಿ ಮಾಡಿದ ದ್ರಾಕ್ಷಿ ಗೋಡಂಬಿ ಬ್ರೆಡ್ಡನ್ನು ಒಮ್ಮೆ ಕಚೇರಿಗೆ ಕಳಿಸಿದ್ದಾಗ ಮೇಡಂ ಎರಡು ಹೋಳು ತಿಂದು ಕಾಂತರಾಜುವನ್ನು ನೋಡಿ ನಕ್ಕಿದ್ದರು. ಅವರು ಅವನನ್ನು ನೋಡಿ ನಕ್ಕದ್ದು ಅದೊಂದೇ ಸಲ.

"ಬ್ರೆಡ್ ಕುಯ್ದು ಕೊಡಿ. ಅವ್ರು ಬಾಯಿಗೆ ಇಟ್ಕೊಂಡ ತಕ್ಷಣ ಅರ್ಜಿ ವಾಪಸ್ ಕೊಡಿ ಮೇಡಂ ಅನ್ನಿ," ಎಂದಿದ್ದಳು ಮೋನಿಷಾ. "ಬಾಯ್ತುಂಬ ಇರೋರು ಬೈಯೋಕಾಗಲ್ಲ ಕಣ್ರೀ."

ಮೈದಾ, ಈಸ್ಟು, ಹಾಲು, ಸಕ್ಕರೆ ಎಲ್ಲವನ್ನೂ ಅವಳೇ ಅಳೆದು ಮಿಷಿನ್ನಿಗೆ ಹಾಕಿ ವ್ಯಾನು ಹತ್ತಿದ್ದಳು. ಕಾಂತರಾಜು ಗುಂಡಿ ಒತ್ತಬೇಕು, ಮಿಷಿನ್ನು ಹಿಟ್ಟು ನಾದುತ್ತ ನಾದುತ್ತ ಮಧ್ಯೆ ಪೀಂ ಪೀಂ ಎನ್ನುತ್ತದೆ, ಆಗ ದ್ರಾಕ್ಷಿ ಗೋಡಂಬಿ ಹಾಕಬೇಕು. ಮುಂಚೆ ಹಾಕಿದರೆ ಒಳಗಿನ ಅಲಗು ಅರೆದು ಚಟ್ನಿ ಮಾಡುತ್ತದೆ. ತಡವಾದರೆ ಹಿಟ್ಟಿನೊಳಗೆ ಸೇರದೆ ಮೇಲೆ ಕೂತು ಸೀದುಹೋಗುತ್ತದೆ. ಇದನ್ನು ಅವಳು ಹೊಸಿಲಿನಲ್ಲಿ ಒಮ್ಮೆ, ಗೇಟಿನಲ್ಲಿ ಒಮ್ಮೆ, ವ್ಯಾನಿನ ಕಿಟಕಿಯಿಂದ ಇನ್ನೊಮ್ಮೆ ಹೇಳಿದ್ದಳು.

ಗುಂಡಿ ಒತ್ತಿ ಬಂದು ತೊಟ್ಟು ಕೀಳುತ್ತಿದ್ದವನ ಎದುರಿಗೆ ಮೊದಲು ನಿಂತವರು ಎದುರುಮನೆಯ ಮುನಿತಾಯಮ್ಮ. ಏನಪ್ಪಾ, ಪಾಯಸವಾ, ಹೆಂಡ್ತಿಗೇನಾದ್ರೂ ವಿಶೇಷವಾ ಎಂದು ವಿಚಾರಿಸುತ್ತ ಮೊರದ ಪಕ್ಕದ ಬಟ್ಟಲಿನಿಂದ ನಾಲ್ಕು ಗೋಡಂಬಿ ಬಾಯಿಗೆ ಹಾಕಿಕೊಂಡರು. ಬ್ರೆಡ್ಡಿಗೆ ಎಂದು ತಿಳಿದಾಗ, ತುಪ್ಪದಲ್ಲಿ ಹುರಿಯದ ಗೋಡಂಬಿಯನ್ನು ದೊಡ್ಡವರಿಗೆ ತಿನ್ನಿಸುವುದು ತಮ್ಮ ಕಣ್ಣೆದುರಿಗೆ ನಡೆಯಕೂಡದೆಂದು ಗೋಡಂಬಿಯನ್ನೆಲ್ಲ ಸೆರಗಿಗೆ ಸುರಿದುಕೊಂಡು ಹುರಿಯಲು ಹೊರಟುಹೋದರು. ಅವರು ಹೋದ ದಾರಿಯಲ್ಲೇ ಪಕ್ಕದ ಮನೆಯ ಖುರ್ಷಿದ್ ಬಂದಳು. ಅವಳಿಗೆ ದ್ರಾಕ್ಷಿಯ ಚಿಂತೆ.

"ಹಂಗೇ ಒಣಗಿದ್ದು ಹಾಕ್ತಾರಾ ಕಾಂತರಾಜ್ ಭಾಯ್? ಬಿಸಿನೀರಲ್ಲಿ ನೆನೆಸ್ಬೇಕು. ಈದ್‌ಗೆ ನಮ್ಮ ಅಮ್ಮಿ ಹಂಗೇ ಮಾಡೋದು," ಎಂದು ಮೊರವನ್ನೇ ಎತ್ತಿಕೊಂಡು ಹೋದಳು. ಜೊತೆಗೆ ತಮ್ಮ ಮನೆಯ ಖರ್ಜೂರವನ್ನೂ ಹೆಚ್ಚಿ ತರುವುದಾಗಿ ಮಾತು ಕೊಟ್ಟಳು.

ಬೇಡ ಎನ್ನುವುದು ಕಾಂತರಾಜುವಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಬರಿಗೈಯಲ್ಲಿ ಕೂತಿದ್ದಾಗ ಪೀಂ ಪೀಂ ಎಂದು ಕೇಳಿತು. ಎದೆ ಹಾರಿ ಒಳಗೆ ಓಡಿದ. ಮಿಷಿನ್ನು ತನ್ನ ಪಾಡಿಗೆ ಗುರ್ ಎಂದು ನಾದುತ್ತಿತ್ತು. ಹೊರಗೆ ಖುರ್ಷಿದಳ ಗಂಡ ಮಸ್ತಾನ್ ಬಟ್ಟೆ ಅಂಗಡಿಗೆ ಹೋಗಲು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. ಆ ಸಂದಿಯಲ್ಲಿ ಕಾರು ತೆಗೆಯುವುದೆಂದರೆ ಎಮ್ಮೆಯನ್ನು ಅಡುಗೆಮನೆಯಿಂದ ಹೊರಕ್ಕೆ ತಿರುಗಿಸಿದಂತೆ. ಹಿಂದಕ್ಕೆ ಬಂದಾಗಲೆಲ್ಲ ಅದು ಪೀಂ ಎನ್ನುತ್ತದೆ. ಕಾಂತರಾಜು ಮತ್ತೊಮ್ಮೆ ಓಡಿದ, ಮತ್ತೂ ಕಾರೇ. ಅದರ ಮುಂದಿನ ಸಲ ಪೀಂ ಎಂದಾಗ ಅವನು ಜಾಣನಾಗಿದ್ದ. ಅಲ್ಲಾಡಲಿಲ್ಲ. ಕಾಲು ಚಾಚಿ ಕೂತು, ಮೇಲೆ ತಗ್ಗಿನಲ್ಲೇ ಇಳಿಯುತ್ತಿದ್ದ ವಿಮಾನವನ್ನು ನೋಡಿದ.

ಮುನಿತಾಯಮ್ಮ ಬಾಣಲೆ ಹಿಡಿದು ಬಂದಾಗ, ಸದ್ದು ಮಾಡಿದ್ದು ಮಸ್ತಾನ್ ಭಾಯ್ ಕಾರು ಎಂದು ಅವನು ನಗುತ್ತ ಹೇಳಿದ.

"ಮಸ್ತಾನು ಹೋಗಿ ಎಷ್ಟೊತ್ತಾಯ್ತು, ನಿನ್ ಕಣ್ಣೆಲ್ಲಿತ್ತಪ್ಪಾ?" ಎಂದರು ಮುನಿತಾಯಮ್ಮ.

ಸಂದಿಯಲ್ಲಿ ಕಾರಿರಲಿಲ್ಲ. ಒಳಗೆ ಓಡಿ ನೋಡಿದರೆ ಮಿಷಿನ್ನು ನಾದುವುದನ್ನು ಮುಗಿಸಿ ಮೌನವಾಗಿತ್ತು. ಹಿಟ್ಟು ಉಂಡು ಮಲಗಿದ ಮಗುವಿನಂತೆ ಉಬ್ಬುತ್ತಿತ್ತು. ಮೋನಿಷಾಳಿಗೆ ಫೋನು ಮಾಡಿದ. ಅವಳ ಹಿಂದೆ ಪಾತ್ರೆಗಳ ಸದ್ದು. ಒಂದೇ ಉಸಿರಿಗೆ, ನಿಲ್ಲಿಸಿ ಮೊದಲಿಂದ ಒತ್ತಿ, ಮತ್ತೆ ನಾದುತ್ತೆ, ಮತ್ತೆ ಪೀಂ ಅನ್ನುತ್ತೆ, ಈ ಸಲ ಮಿಷಿನ್ ಮುಂದೆಯೇ ಕೂತಿರಿ ಎಂದು ಇಟ್ಟುಬಿಟ್ಟಳು. ಅವನು ಒತ್ತಿದ. ಮಿಷಿನ್ನು ಎರಡು ಸುತ್ತು ತಿರುಗಿತೋ ಇಲ್ಲವೋ, ಕರೆಂಟು ಹೋಯಿತು.

ಕಚೇರಿಗೆ ಹೊತ್ತಾಗುತ್ತಿತ್ತು. ಮಧ್ಯಾಹ್ನ ಬರುತ್ತೇನೆಂದು ಮೇಡಂಗೆ ತಿಳಿಸಲು ನರೇಶನಿಗೆ ಫೋನು ಮಾಡಿದ. ಕಾರಣ ಹೇಳದೆ ನರೇಶ ಬಿಡುವವನಲ್ಲ. ಮೇಡಂಗೋಸ್ಕರ ಬ್ರೆಡ್ ಮಾಡ್ತಿದೀನಿ, ಆ ಅರ್ಜಿ ವಿಷ್ಯ ಮಾತಾಡ್ಬೇಕು ಎಂದಷ್ಟೇ ಕಾಂತರಾಜು ಬಾಯಿಬಿಟ್ಟ. ಅರ್ಜಿ ವಾಪಸ್ ಬೇಕೆಂಬುದನ್ನು ನರೇಶನಿಗೆ ಹೇಳಿದರೆ ಅದು ತನಗಿಂತ ಮುಂಚೆ ಮೇಡಂ ಕಿವಿ ಮುಟ್ಟುತ್ತದೆಂಬ ಭಯ.

"ಅರ್ಥ ಆಯ್ತು ಗುರು. ನೀನು ಆರಾಮಾಗಿ ಬಾ, ಇಲ್ಲಿ ನಾನಿದೀನಿ," ಎಂದ ನರೇಶ. ಏನು ಅರ್ಥವಾಯಿತೆಂದು ಕಾಂತರಾಜು ಕೇಳಬೇಕೆಂದುಕೊಂಡ. ಆದರೆ ಅಷ್ಟರಲ್ಲಿ ಖುರ್ಷಿದ್ ಬಂದು, ತಮ್ಮ ಮನೆಯಲ್ಲಿ ಯುಪಿಎಸ್ ಇದೆ, ಮಿಷಿನ್ ಅಲ್ಲಿಗೇ ತನ್ನಿ ಎಂದಳು.

ಕಾಂತರಾಜು ಮಿಷಿನ್ನನ್ನು ಎದೆಗೆ ಅವಚಿಕೊಂಡು ಬೀದಿಗೆ ಇಳಿದ. ವೈರು ಬಾಲದಂತೆ ನೆಲದ ಮೇಲೆ ಎಳೆಯುತ್ತಿತ್ತು. ಹಿಂದೆ ಬಾಣಲೆ ಹಿಡಿದ ಮುನಿತಾಯಮ್ಮ, ಮುಂದೆ ದಾರಿ ಬಿಡಿಸುವ ಖುರ್ಷಿದ್. ಹಾಲಿನ ಡೈರಿಯಿಂದ ಬರುತ್ತಿದ್ದವರು ಯಾವ ದೇವರ ಉತ್ಸವ ಎಂದು ಕೇಳಿ ಕ್ಯಾನು ಇಳಿಸಿ ನಿಂತರು. ಖುರ್ಷಿದಳ ಊಟದ ಮೇಜಿನ ಮೇಲೆ ಮಿಷಿನ್ನು ಮೂರನೆಯ ಸಲ ಅದೇ ಹಿಟ್ಟನ್ನು ನಾದಲು ಶುರುಮಾಡಿತು. ಹೆರಿಗೆ ವಾರ್ಡಿನ ಹೊರಗೆ ಕೂತವರಂತೆ ಮೂವರೂ ಅದರ ಸುತ್ತ ಕೂತರು.

ಪೀಂ ಎಂದಿತು.

ಮೋನಿಷಾ ಹೇಳಿದ್ದು ಒಂದು ಬಟ್ಟಲು, ಸ್ವಲ್ಪ ಸ್ವಲ್ಪವಾಗಿ. ಮುನಿತಾಯಮ್ಮ ಬಾಣಲೆಯನ್ನೇ ಬಗ್ಗಿಸಿದರು, ತುಪ್ಪವೂ ಬಂತು. ಖುರ್ಷಿದ್ ನೆಂದು ಕಣ್ಣುಗುಡ್ಡೆಯಷ್ಟಾಗಿದ್ದ ದ್ರಾಕ್ಷಿಯನ್ನು ನೀರಿನ ಸಮೇತ ಸುರಿದು, ಅದರ ಮೇಲೆ ಖರ್ಜೂರ ಗುಡ್ಡೆ ಹಾಕಿದಳು. ಮಿಷಿನ್ನು ಏದುಸಿರು ಬಿಟ್ಟು, ಒಂದು ಸಲ ನಿಂತು, ಮನಸ್ಸಿಲ್ಲದ ಮನಸ್ಸಿನಿಂದ ಮತ್ತೆ ತಿರುಗಿತು. ಬೇಯುವ ಹೊತ್ತಿಗೆ ಕರೆಂಟೂ ಬಂತು. ಮುಚ್ಚಳ ತೆಗೆದಾಗ ಬ್ರೆಡ್ಡು ಒಂದು ಕಡೆ ನಂದಿಬೆಟ್ಟದಂತೆ ಎದ್ದು, ಇನ್ನೊಂದು ಕಡೆ ಬತ್ತಿದ ಕೆರೆಯಂತೆ ಕುಸಿದಿತ್ತು. ಕೈಯಲ್ಲಿ ಹಿಡಿದರೆ ರುಬ್ಬುಗುಂಡಿನ ತೂಕ. ವಾಸನೆ ಮಾತ್ರ ಘಮ್ಮೆಂದು ಬೀದಿಯ ಕೊನೆಯವರೆಗೆ ಹೋಗಿತ್ತು. ಕಾಂತರಾಜು ಅದನ್ನು ಒಗೆದ ಟವೆಲಿನಲ್ಲಿ ಸುತ್ತಿ ಖುರ್ಷಿದಳ ಮನೆಯ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೊರಟ. ಬ್ರೆಡ್ಡನ್ನು ತೆಗೆದಾಗ ತಳದ ಅಲಗು ಪಾತ್ರೆಯಲ್ಲೇ ಉಳಿಯಿತೇ ಎಂದು ನೋಡಬೇಕೆಂಬುದನ್ನು ಮೋನಿಷಾ ಹೇಳಿರಲಿಲ್ಲ. ಯಾವಾಗಲೂ ತೆಗೆಯುತ್ತಿದ್ದವಳು ಅವಳೇ.

ಕಚೇರಿಯ ಬಾಗಿಲಲ್ಲೇ ನರೇಶ ಕಾದಿದ್ದ. ಕಾಂತರಾಜುವಿನ ಬೆನ್ನು ತಟ್ಟಿ, ಎಲ್ಲ ಸರಿಮಾಡಿದೀನಿ ಎಂದು ಕಣ್ಣು ಹೊಡೆದ. ಒಳಗೆ ಮೇಡಂ ಅವರ ಮೇಜು ಖಾಲಿಯಾಗಿತ್ತು. ಡ್ರಾಯರು ಬಾಯಿ ತೆರೆದು ನಿಂತಿತ್ತು, ಅದರಲ್ಲೂ ಏನಿರಲಿಲ್ಲ. ಎಲ್ಲ ಟಪಾಲಿಗೆ ಹೋಗಿಬಿಟ್ಟಿತೇ ಎಂದು ಕಾಂತರಾಜು ಸುತ್ತ ನೋಡಿದರೆ, ಮೂಲೆಯಲ್ಲಿ ಜವಾನ ಜವರಪ್ಪ ಕಸದ ಬುಟ್ಟಿಯ ಪಕ್ಕ ಕೈಯೊರೆಸಿಕೊಳ್ಳುತ್ತಿದ್ದ. ಮೊಣಕೈವರೆಗೂ ಟೀ ಚರಟ ಮೆತ್ತಿತ್ತು.

ಮೇಡಂ ಟವೆಲು ಬಿಚ್ಚಿ ನೋಡಿ ನಕ್ಕರು. ಎರಡನೆಯ ಸಲ. ಎಲ್ಲರನ್ನೂ ಕರೆದು ಚಾಕು ತೆಗೆದುಕೊಂಡರು. ಚಾಕು ಅರ್ಧಕ್ಕೆ ಇಳಿದು ಕಟಕ್ ಎಂದಿತು. ಮೇಡಂ ಎರಡು ಬೆರಳಿನಿಂದ ಬ್ರೆಡ್ಡಿನ ಹೊಟ್ಟೆಯೊಳಗಿಂದ ಕರಿಯ ಲೋಹದ ತುಂಡೊಂದನ್ನು ಎಳೆದು ಮೇಜಿನ ಮೇಲಿಟ್ಟರು. ಅದು ಹಿಟ್ಟು ನಾದುವ ಅಲಗು ಎಂದು ಕಾಂತರಾಜು ತೊದಲಿದ.

"ಹಾಗಿದ್ರೆ ಮಾಡಿದೋರೇ ಮೊದಲು ತಿನ್ಲಿ," ಎಂದು ಮೇಡಂ ದಪ್ಪ ಹೋಳೊಂದನ್ನು ತಾವೇ ಅವನ ಬಾಯಿಗೆ ತುರುಕಿದರು.

ಮೂರು ಸಲ ನಾದಿದ ಹಿಟ್ಟು, ಎರಡು ಮನೆಯ ಖರ್ಜೂರ ದ್ರಾಕ್ಷಿ, ಬಾಣಲೆಯ ತುಪ್ಪ. ಕಾಂತರಾಜುವಿನ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿಕೊಂಡಿತು.

ಮೇಡಂ ಕುರ್ಚಿಗೆ ಒರಗಿ ನಿಧಾನವಾಗಿ ಮಾತಾಡಿದರು. ಹಳೆಯ ಅರ್ಜಿಗಳು ಇನ್ಯಾರಿಗೆ ಬೇಕೆಂದು ಬೆಳಿಗ್ಗೆ ಡ್ರಾಯರಿನಲ್ಲಿದ್ದುದನ್ನೆಲ್ಲ ಮುದುರಿ ಬುಟ್ಟಿಗೆ ಹಾಕಿಸಿದ್ದರಂತೆ. ಕಾಂತರಾಜುವಿನದೂ ಅದರಲ್ಲೇ ಇತ್ತಂತೆ. ಅವನ ಎದೆಯೊಳಗೆ ಹೂವಿನ ಮಳೆ ಸುರಿಯಿತು.

"ಆಮೇಲೆ ನರೇಶ್ ಬಂದ್ರು," ಎಂದರು ಮೇಡಂ. "ಪಾಪ, ಬೆಳಿಗ್ಗೆಯಿಂದ ನೀವು ಒಲೆ ಮುಂದೆ ಕೂತಿದೀರಿ, ಮೂರು ವರ್ಷ ಬಾಯಿಬಿಟ್ಟು ಕೇಳದೆ ನೋವು ನುಂಗಿದೀರಿ ಅಂತ ಹೇಳಿದ್ರು. ನಂಗೇ ನಾಚಿಕೆ ಆಯ್ತು ಕಾಂತರಾಜು ಅವರೇ. ಜವರಪ್ಪನ ಕೈಲಿ ಬುಟ್ಟಿ ಜಾಲಾಡಿಸ್ದೆ."

ಅವರು ಕಾಗದದ ಒಂದು ಲಕೋಟೆ ಎತ್ತಿ ತೋರಿಸಿದರು. ಒಳಗಿನ ಅರ್ಜಿಯ ಸುಕ್ಕನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ಬಿಡಿಸಿದ್ದು, ಟೀ ಕಲೆ ಬಿದ್ದದ್ದಕ್ಕೆ ಪಕ್ಕದಲ್ಲಿ ಸಹಿ ಮಾಡಿದ್ದು, ಜೊತೆಗೆ ಈ ನೌಕರನನ್ನು ಕೂಡಲೇ ತೂಬಗೆರೆಗೆ ಕಳಿಸಬೇಕೆಂದು ತಮ್ಮ ಕೈಯಾರೆ ಶಿಫಾರಸು ಬರೆದದ್ದು, ದೊಡ್ಡ ಕಚೇರಿಗೆ ಫೋನಿನಲ್ಲೂ ಮಾತಾಡಿದ್ದು, ಎಲ್ಲವನ್ನೂ ಹೇಳಿದರು.

ಕಾಂತರಾಜು ತಲೆಯಾಡಿಸಿದ. ಕೈಯಾಡಿಸಿದ. ಬಾಯೊಳಗಿಂದ ಮ್ಮ್ ಮ್ಮ್ ಎಂಬ ಸದ್ದು ಮಾತ್ರ ಬಂತು. ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು.

"ನೋಡಿ, ಅಳ್ತಿದಾರೆ," ಎಂದು ನರೇಶ ತಾನೂ ಮೂಗೊರೆಸಿಕೊಂಡ. "ಸುಮ್ನಿರು ಗುರು. ಇಷ್ಟಕ್ಕೆಲ್ಲ ಥ್ಯಾಂಕ್ಸ್ ಯಾಕೆ?"

ಜವರಪ್ಪ ಲಕೋಟೆ ತೆಗೆದುಕೊಂಡು ಹೊರಟ. ಕಾಂತರಾಜು ಬೆರಳನ್ನು ಬಾಯಿಗೆ ಹಾಕಿ ಖರ್ಜೂರ ಕೀಳುತ್ತ ಅವನ ಹಿಂದೆಯೇ ವರಾಂಡಕ್ಕೆ ಓಡಿ, ಎರಡೂ ಕೈ ಮೇಲೆತ್ತಿ ಬೀಸಿದ. ಮೊಪೆಡ್ಡಿನ ಮೇಲೆ ಕೂತ ಜವರಪ್ಪ ಇಷ್ಟು ವರ್ಷದಲ್ಲಿ ತನಗೆ ಹೀಗೆ ಕೈಬೀಸಿದ ಗುಮಾಸ್ತ ಇವನೊಬ್ಬನೇ ಎಂದುಕೊಂಡು ತಾನೂ ಕೈಬೀಸಿದ. ಕಡೆಗೂ ತುತ್ತು ಗಂಟಲಿಳಿಯಿತು. ಕಾಂತರಾಜು ಬಾಯಿ ತೆರೆಯುವುದಕ್ಕೂ, ಗೇಟು ದಾಟಿದ ಮೊಪೆಡ್ಡು ಪೀಂ ಪೀಂ ಎಂದು ಅಂಚೆ ಕಚೇರಿಯ ಕಡೆಗೆ ತಿರುಗುವುದಕ್ಕೂ ಸರಿಹೋಯಿತು.