ಬಿದ್ದಲ್ಲೆಲ್ಲ ಹೂವು

"ನೋಡ್ತಾ ಇರು! ಆ ಕಾಡಿನ ಬಾಗಿಲನ್ನ ಸೈಕಲ್ಲಿಗೆ ತೆಗೆಸಿದ್ದು ಯಾರು ಅಂತ ನಾಳೆ ಊರೇ ಹೇಳುತ್ತೆ!"

ನಾನು ಎದೆಯುಬ್ಬಿಸಿ ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಕುಂಚದಿಂದ ಸವರುತ್ತಿದ್ದಳು.

"ಮೊದಲು ನಮ್ಮನೆ ಬಾತ್‌ರೂಮಿನ ಬಾಗಿಲು ತೆಗೆಸಿ. ನಿಮ್ಮ ಸೈಕಲ್ಲು ಅಡ್ಡ ನಿಂತು ಎರಡು ದಿನ ಆಯ್ತು," ಎಂದಳು.

ಮಹಾಪುರುಷರಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ! ಊರಂಚಿನ ಸಂರಕ್ಷಿತ ಅರಣ್ಯದಲ್ಲಿ ನಡೆಯುವವರಿಗೆ ದಾರಿಯುಂಟು, ಸೈಕಲ್ಲಿಗಿಲ್ಲ. ನಮ್ಮ ಬಳಗದ ನಲವತ್ತು ಮಂದಿ ಗುಡ್ಡ ಹತ್ತುವ ಗೇರ್ ಸೈಕಲ್ ಕೊಂಡು, ಲಾರಿಗಳ ಹಿಂದೆ ಹೊಗೆ ಕುಡಿಯುತ್ತಿದ್ದೆವು. ಬಳಗದ ಅಧ್ಯಕ್ಷನಾದ ನಾನು ನಾಲ್ಕು ವರ್ಷ ಅರಣ್ಯ ಕಚೇರಿಯ ಮೆಟ್ಟಿಲು ಸವೆಸಿದೆ. ಕೊನೆಗೆ ರೇಂಜರ್ ಸಾಹೇಬರು ಆರು ಕಿಲೋಮೀಟರ್ ದಾರಿಗೆ ಮೂರು ತಿಂಗಳ ಅನುಮತಿ ಕೊಟ್ಟರು. ಎಲ್ಲ ಸರಿಯಾಗಿ ನಡೆದರೆ ಆಮೇಲೆ ಕಾಯಂ!

ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು ನಾನು. ಆ ದಾರಿಯ ನಕ್ಷೆಯನ್ನೂ ನಾನೇ ಬರೆದೆ. ಬರೆದ ಆವೇಶದಲ್ಲಿ ಕೆಳಗೊಂದು ಷರತ್ತನ್ನೂ ಸೇರಿಸಿದೆ: 'ಒಂದೇ ಒಂದು ಚಕ್ರ ಈ ದಾರಿ ಬಿಟ್ಟರೂ ಎಲ್ಲರ ಅನುಮತಿ ರದ್ದು.'

"ಇಷ್ಟು ಬಿಗಿ ಬೇಕಾ ಸಾರ್?" ಎಂದರು ರೇಂಜರ್.

"ಬೇಕು! ನಮ್ಮವರು ಅಂಥವರಲ್ಲ!" ಎಂದು ಮೇಜು ಗುದ್ದಿದೆ.

ಮೊದಲ ಭಾನುವಾರ ನಮ್ಮ ದಂಡು ಹೊರಟಿತು. ಎಲ್ಲರಿಗಿಂತ ಮುಂದೆ ನಾನು, ಅದೂ ಮೊದಲ ಏರಿನವರೆಗೆ. ಅಲ್ಲಿ ಹಲ್ಲಿನ ಡಾಕ್ಟರು ನನ್ನನ್ನು ಹಿಂದೆ ಹಾಕಿದರು. ಗಣಿತದ ಮೇಷ್ಟ್ರು ಹಿಂದೆ ಹಾಕಿದರು. ಮೇಷ್ಟ್ರ ಅತ್ತೆಯೂ ಹಿಂದೆ ಹಾಕಿದರು! ನಾನೊಬ್ಬನೇ ಉಳಿದೆ. ಮರದ ಬೇರಿಗೆ ಬಡಿದು ಬಿದ್ದೆ, ಎದ್ದೆ, ಕಲ್ಲಿಗೆ ಬಡಿದು ಮತ್ತೆ ಬಿದ್ದೆ. ಎಡಗಡೆ ಜೌಗಿನತ್ತ ಒಂದು ಒಳದಾರಿ ಕಂಡಿತು. 'ಹಕ್ಕಿಗಳು ಗೂಡು ಕಟ್ಟುವ ಜಾಗ, ಪ್ರವೇಶವಿಲ್ಲ' ಎಂಬ ಹಲಗೆಯೂ ಕಂಡಿತು. ಆದರೆ ಅದರಲ್ಲಿ ಹೋದರೆ ಎರಡು ಕಿಲೋಮೀಟರ್ ಉಳಿಯುತ್ತದೆಂದು ನಕ್ಷೆ ಬರೆದವನಿಗೆ ಗೊತ್ತಿಲ್ಲವೇ? ಅತ್ತಿತ್ತ ನೋಡಿದೆ. ನುಗ್ಗಿಯೇಬಿಟ್ಟೆ! ಅಲ್ಲೂ ಬಿದ್ದೆ.

ಬಳಗ ಗುಡ್ಡದ ತುದಿ ಮುಟ್ಟಿದಾಗ ನಾನು ಬಂಡೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ನೀರು ಕುಡಿಯುತ್ತಿದ್ದೆ.

"ಸಾರ್, ನಮ್ಮನ್ನ ಯಾವಾಗ ದಾಟಿದ್ರಿ?" ಮೇಷ್ಟ್ರು ಬಾಯಿ ಬಿಟ್ಟರು.

"ನೀವು ಸುಧಾರಿಸಿಕೊಳ್ಳೋಕೆ ಕೂತಿದ್ರಲ್ಲ, ಆಗ! ನಾನು ಒಂದು ಸಲವೂ ಕಾಲು ನೆಲಕ್ಕೆ ಊರಲಿಲ್ಲ!"

ಚಪ್ಪಾಳೆ ಬಿತ್ತು. ನಾಚಿಕೆಯಿಲ್ಲದೆ ತಲೆಬಾಗಿ ಸ್ವೀಕರಿಸಿದೆ.

ಮನೆಗೆ ಬಂದರೆ ಹೆಂಡತಿ ಸೈಕಲ್ ಸೀಟಿನ ಕೆಳಗಿನ ಚೀಲಕ್ಕೆ ಕೈ ಹಾಕಿ ಹುಡುಕುತ್ತಿದ್ದಾಳೆ.

"ರೀ, ನನ್ನ ಹೂವಿನ ಬೀಜ ಎಲ್ಲಿ?"

"ನನ್ನ ಸೈಕಲ್ ಚೀಲದಲ್ಲಿ ನಿನ್ನ ಬೀಜಕ್ಕೇನು ಕೆಲಸ?"

"ಗಾಳಿಯಾಡುತ್ತೆ ಅಂತ ಒಣಗೋಕೆ ಹಾಕಿದ್ದೆ. ಸೈಕಲ್ ಬಗ್ಗೆ ಭಾಷಣ ಮಾಡೋದು ಬಿಟ್ಟು ನೀವು ಅದನ್ನ ಹತ್ತೋದನ್ನ ನಾನೆಲ್ಲಿ ಕಂಡಿದ್ದೆ?"

ಚೀಲದ ತಳದ ಹೊಲಿಗೆ ಬಿಟ್ಟುಹೋಗಿತ್ತು. ಕಡುಗೆಂಪು ಎಸಳು, ಅಂಚಿಗೆ ಹಳದಿ ಗೆರೆ: ಆ ಬಣ್ಣ ತರಿಸಲು ಅವಳೂ ನಾಲ್ಕು ವರ್ಷ ಕುಂಚ ಹಿಡಿದಿದ್ದಳು. ಈಗ ಉಳಿದದ್ದು ಒಂದೇ ಕುಂಡ. ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಶಿಕ್ಷೆ ಅಷ್ಟಕ್ಕೇ ಮುಗಿಯಿತೆಂದು ನಾನು ನಂಬಿದ್ದೆ, ಮಂಕುದಿಣ್ಣೆ!

ಮೂರು ತಿಂಗಳು ಮುಗಿದ ದಿನ ರೇಂಜರ್ ಮನೆಗೇ ಬಂದರು. ಕಾಯಂ ಪತ್ರ ಸ್ವೀಕರಿಸಲು ಒಗೆದ ಅಂಗಿ ತೊಟ್ಟು ಕೈ ಚಾಚಿದೆ. ಅವರು ಪ್ಲಾಸ್ಟಿಕ್ ಕವರಿನಿಂದ ಒಂದು ಹೂವು ತೆಗೆದು ನನ್ನ ಹೆಂಡತಿಗೆ ತೋರಿಸಿದರು.

"ಮೇಡಂ, ಹೂವಿನ ವಿಷಯ ಊರಲ್ಲಿ ನಿಮ್ಮಷ್ಟು ಯಾರಿಗೂ ಗೊತ್ತಿಲ್ವಂತೆ. ಇದು ಯಾವುದು?"

"ಅಯ್ಯೋ, ಇದು ನಮ್ಮನೇದು!" ಅವಳ ಕಣ್ಣಲ್ಲಿ ನೀರೇ ಬಂತು. "ಲೋಕದಲ್ಲಿ ಬೇರೆಲ್ಲೂ ಇಲ್ಲ! ಎಲ್ಲಿ ಸಿಕ್ತು?"

ರೇಂಜರ್ ನಾನು ಬರೆದ ನಕ್ಷೆಯನ್ನೇ ಮೇಜಿನ ಮೇಲೆ ಹರಡಿದರು. ಹೂ ಬಿಟ್ಟಲ್ಲೆಲ್ಲ ಕೆಂಪು ಚುಕ್ಕೆ, ಪಕ್ಕದಲ್ಲಿ ಗಿಡಗಳ ಲೆಕ್ಕ. ಹೆಂಡತಿ ಕನ್ನಡಕ ಏರಿಸಿದಳು.

"ಇಲ್ಲೆಲ್ಲ ಯಾಕ್ರೀ ಒಂದೊಂದೇ?"

"ಅಲ್ಲಿ... ಸೈಕಲ್ಲು ಕುಲುಕ್ತು."

"ಇಲ್ಲಿ ಇಪ್ಪತ್ಮೂರು ಒಟ್ಟಿಗೆ?"

"ಬಿದ್ದೆ."

"ಇಲ್ಲಿ?"

"ಅಲ್ಲೂ ಬಿದ್ದೆ."

"ಹಕ್ಕಿ ಗೂಡಿನ ಜಾಗದಲ್ಲಿ ಮೂವತ್ತೊಂದು?"

ರೇಂಜರ್ ನಕ್ಷೆಯ ಕೆಳಗಿನ ಷರತ್ತಿನ ಮೇಲೆ ಬೆರಳಿಟ್ಟು, "ಅಕ್ಷರ ನಿಮ್ಮದೇ ಅಲ್ವಾ ಸಾರ್?" ಎಂದರು. ಅವರ ಮುಖದಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

ಅನುಮತಿ ರದ್ದಾಯಿತು. ನಾಲ್ಕು ವರ್ಷದ ಅರ್ಜಿಗಳು, ನಲವತ್ತು ಜನರ ಆಸೆ, ಎಲ್ಲವೂ ನನ್ನೊಬ್ಬನ ಜಂಭಕ್ಕೆ ಮಣ್ಣುಪಾಲು! ಹೊರಗಿನ ಗಿಡ ಆ ಕಾಡಿನಲ್ಲಿ ಇರಕೂಡದು. ಬೀಜ ಉದುರುವ ಮೊದಲು ಒಂದೂ ಬಿಡದೆ, ನಡೆದೇ ಹೋಗಿ, ನಾನು ಕೀಳಬೇಕು. ಆ ರಾತ್ರಿ ಊಟ ಸೇರಲಿಲ್ಲ. ನನ್ನ ಹೆಂಡತಿ ಮಾತ್ರ ಉಳಿದ ಕುಂಡಕ್ಕೆ ನೀರು ಹಾಕಿ ಬಂದು, "ಬದುಕಿನಲ್ಲಿ ನೀವು ಬೆಳೆಸಿದ್ದು ಅದೊಂದೇ ತೋಟ. ಅದನ್ನೂ ಕೀಳಬೇಕಲ್ರೀ," ಎಂದಳು.

ಮುಂದಿನ ಭಾನುವಾರ ಬುಟ್ಟಿ ಹಿಡಿದ ಅವಳ ಹಿಂದೆ ತಲೆ ತಗ್ಗಿಸಿ ಹೋದೆ. ಕಾಡಿನ ಬಾಗಿಲಲ್ಲಿ ಇಡೀ ಬಳಗ ನಿಂತಿತ್ತು, ಒಂದೂ ಸೈಕಲ್ಲಿಲ್ಲದೆ. ಉಗಿಯಲು ಬಂದಿದ್ದಾರೆಂದುಕೊಂಡೆ. ಆದರೆ ಅವರು ನಮ್ಮೊಡನೆ ಒಳಗೆ ನಡೆದು ಮಂಡಿಯೂರಿ ಗಿಡ ಕೀಳತೊಡಗಿದರು.

ಇಪ್ಪತ್ಮೂರರ ಗುಂಪಿನ ಹತ್ತಿರ ಮೇಷ್ಟ್ರು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು: "ಬಿದ್ದೆ ಅಂತ ಒಂದು ಕೂಗು ಹಾಕಿದ್ರೆ ನಾವೇ ಬಂದು ಎತ್ತುತ್ತಿದ್ವಲ್ಲ ಸಾರ್?"

ಏಳಲು ನೋಡಿದೆ, ಮಂಡಿ ಹಿಡಿದುಕೊಂಡಿತ್ತು.

"ಈಗ ಎತ್ತಿ ಮೇಷ್ಟ್ರೇ," ಎಂದು ಕೈ ಚಾಚಿದೆ.

ಹಿಂದಿನಿಂದ ನನ್ನ ಹೆಂಡತಿ ಬುಟ್ಟಿಯನ್ನು ನನ್ನ ಮುಂದಕ್ಕೆ ತಳ್ಳಿದಳು.

"ಎತ್ತಬೇಡಿ ಮೇಷ್ಟ್ರೇ. ಇನ್ನೂ ಮೂವತ್ತೊಂದು ಇದೆ!"